ಅರವತ್ತೊಂದು ಮಂದಿ ಕೊಂದ ಸಾಹೇಬ

ನವೆಂಬರ್ 11, ಸೋಮವಾರ

ಅರವತ್ತೆರಡು ಉತ್ತರ ಪತ್ರಿಕೆಗಳನ್ನು ಇಂದು ಒಂದು ಗಂಟೆ ಹತ್ತು ನಿಮಿಷದಲ್ಲಿ ಮುಗಿಸಿದೆ. ನನ್ನ ದಾಖಲೆಯನ್ನು ನಾನೇ ಮುರಿದೆ. ಇದರಲ್ಲಿ ಮಾಯಾಮಂತ್ರವೇನಿಲ್ಲ. ನಮ್ಮ ಕೊಟ್ಟೂರಿನ ಕಾಲೇಜಿನ ಬಿ.ಎ. ಮಕ್ಕಳು ಇಂಗ್ಲಿಷ್ ಪರೀಕ್ಷೆಯಲ್ಲಿ ಬರೆಯುವುದೆಲ್ಲ ಜಂಬಣ್ಣನ ಪ್ರೆಸ್ಸಿನಲ್ಲಿ ಅಚ್ಚಾಗುವ ಹಳದಿ ರಟ್ಟಿನ ಗೈಡಿನಿಂದ. ಆ ಗೈಡ್ ಬರೆದವನು ನಾನು. ನನ್ನ ವಾಕ್ಯಕ್ಕೆ ನಾನೇ ಟಿಕ್ ಹಾಕಲು ಎಷ್ಟು ಹೊತ್ತು ಬೇಕು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳಲ್ಲಿ ಇಂಗ್ಲಿಷ್ ಪಾಸಾದವರು ನನ್ನ ಕೈ ದಾಟದೆ ಪಾಸಾಗಿಲ್ಲ. ಕಾಲೇಜಿನಲ್ಲಿ ನಾನಿನ್ನೂ ಅತಿಥಿ ಉಪನ್ಯಾಸಕ. ಹದಿನೇಳು ವರ್ಷದ ಅತಿಥಿ. ಆದರೆ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ‘ಗುರುಶಾಂತ ಕೊಡ್ರಿ’ ಎಂದು ಬರೀ ನನ್ನ ಹೆಸರು ಹೇಳಿದರೆ ಸಾಕು, ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

ಈ ಸಲದ ಪ್ರಶ್ನೆ, ‘ಕಾದಂಬರಿಯಲ್ಲಿ ಬೆಳಕು ಮತ್ತು ಕತ್ತಲೆಯ ಸಂಕೇತಗಳನ್ನು ವಿವರಿಸಿ.’ ಇಪ್ಪತ್ತು ಅಂಕ. ಕಾದಂಬರಿ ಬ್ರಿಟಿಷರ ಕಾಲದ್ದು. ಹೆಸರು ಒಂದು ಗೇಣು ಉದ್ದ ಇದೆ, ಹಾಗಾಗಿ ನಾವೆಲ್ಲ ಲಾಂದ್ರದ ಕಾದಂಬರಿ ಎನ್ನುತ್ತೇವೆ. ಬಿಳಿಯ ಸಾಹೇಬನೊಬ್ಬ ನಲವತ್ತು ಲಾಂದ್ರ ಹೊರಿಸಿಕೊಂಡು ದೂರದೇಶದ ಕಾಡುಬೆಟ್ಟಗಳೊಳಗೆ ಹೋಗುವ ಕಥೆ. ಲಾಂದ್ರವೆಂದರೆ ಜ್ಞಾನ, ಕತ್ತಲೆಯೆಂದರೆ ಅಜ್ಞಾನ, ಕೊನೆಗೆ ಸಾಹೇಬ ಜ್ವರ ಬಂದು ಸಾಯುತ್ತಾನೆ, ಕತ್ತಲೆ ಬೆಳಕನ್ನು ನುಂಗುತ್ತದೆ. ಇದು ಗೈಡ್. ಅರವತ್ತೊಂದು ಮಂದಿ ಒಂದೇ ಜ್ವರದಲ್ಲಿ, ಒಂದೇ ಅಲ್ಪವಿರಾಮ ಹಾಕಿ, ಸಾಹೇಬನನ್ನು ಕೊಂದಿದ್ದಾರೆ. ಇಬ್ಬರಂತೂ ‘ಹೆಚ್ಚಿನ ವಿವರಕ್ಕೆ ಪುಟ 84 ನೋಡಿ’ ಎಂದು ನನಗೇ ಸೂಚನೆ ಕೊಟ್ಟಿದ್ದಾರೆ. ನೋಡಿದೆ. ವಿವರ ಇದೆ.

ಗುಡೇಕೋಟೆ ಕಡೆಯ ಕುರಿಯವರ ಹುಡುಗಿಯೊಬ್ಬಳು ಮಾತ್ರ ಸಾಹೇಬನನ್ನು ಬದುಕಿಸಿದ್ದಾಳೆ. ಅಷ್ಟೇ ಅಲ್ಲ, ಬೆಳಕೇ ಕುರುಡು, ಕತ್ತಲೆಗೇ ಕಣ್ಣಿದೆ ಎಂದು ಏನೇನೋ ಗೀಚಿದ್ದಾಳೆ. ಗೈಡ್ ಕೊಳ್ಳದಿದ್ದರೆ ಹೀಗೇ ಆಗುವುದು. ನಾಲ್ಕು ಅಂಕ ಹಾಕಿದೆ. ಅದೂ ಅಕ್ಷರ ದುಂಡಗಿದೆ ಎಂದು.

ನವೆಂಬರ್ 12, ಮಂಗಳವಾರ

ಅಂಕಪಟ್ಟಿ ನೋಟಿಸ್ ಬೋರ್ಡಿಗೆ ಅಂಟಿಸಿ ಚಹಾ ಕುಡಿದು ಬರುವಷ್ಟರಲ್ಲಿ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ರೇಣುಕಾ. ತೆಳ್ಳಗೆ, ಎತ್ತರಕ್ಕೆ ಇದ್ದಾಳೆ. ಕಣ್ಣು ಕೆಳಗೆ ಹಾಕುವ ಅಭ್ಯಾಸವಿಲ್ಲ.

“ಸರ್, ಸಾಹೇಬ ಸತ್ತಿಲ್ರಿ,” ಎಂದಳು. ನಮಸ್ಕಾರ ಆಮೇಲೆ ಹೇಳಿದಳು.

“ಸತ್ತಾನಮ್ಮ. ಅರವತ್ತೊಂದು ಮಂದಿ ಬರ್ದಾರ.”

“ಯಾವ ಪುಟದಾಗ ಸತ್ತಾನ ಹೇಳ್ರಿ ಸರ್. ನಾ ಎರಡು ಸರ್ತಿ ಓದೇನಿ. ನನಗ ಸಿಕ್ಕಿಲ್ಲ.”

“ಕೊನಿಗೆ ಐತಿ. ನಿಧಾನ ಓದಿದ್ರ ಸಿಗತೈತಿ,” ಎಂದೆ. ಉಳಿದ ಮೇಷ್ಟ್ರುಗಳು ಪೇಪರಿನ ಹಿಂದೆ ನಗುತ್ತಿದ್ದರು. ನನಗೆ ಮೈ ಉರಿಯಿತು.

ಈ ಆಂತರಿಕ ಪರೀಕ್ಷೆಯಲ್ಲಿ ಎಂಟು ಅಂಕ ಬರದಿದ್ದರೆ ಅವಳು ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರುವಂತಿಲ್ಲ. ಒಂದು ವರ್ಷ ಹೋಗುತ್ತದೆ, ಎಂ.ಎ. ಸೇರುವುದು ತಪ್ಪುತ್ತದೆ. ಅದನ್ನೂ ಅವಳೇ ಹೇಳಿದಳು, ಬೇಡುವ ದನಿಯಲ್ಲಲ್ಲ, ಬಸ್ಸಿನ ಟೈಮ್ ಹೇಳಿದಂತೆ. ಮೂವತ್ತನೇ ತಾರೀಖಿಗೆ ಅಂಕಗಳು ವಿಶ್ವವಿದ್ಯಾಲಯಕ್ಕೆ ಹೋಗುತ್ತವೆ. ಅಲ್ಲಿಯವರೆಗೆ ತಿದ್ದಬಹುದು, ಆದರೆ ತಿದ್ದುಪಡಿ ಅರ್ಜಿಯಲ್ಲಿ ಕಾರಣ ಬರೆದು, ವಿದ್ಯಾರ್ಥಿ ಸಹಿ ಮಾಡಿ, ವಿಭಾಗದ ಮುಖ್ಯಸ್ಥೆ ಗೀತಾಂಜಲಿ ಮೇಡಂ ಮೊಹರು ಒತ್ತಬೇಕು.

ಇದನ್ನು ಯಾರೂ ಓದುವುದಿಲ್ಲವಾದ್ದರಿಂದ ಬರೆದೇ ಬಿಡುತ್ತೇನೆ. ನಾನು ಆ ಕಾದಂಬರಿ ಓದಿಲ್ಲ. ಹನ್ನೊಂದು ವರ್ಷದ ಹಿಂದೆ ಗೈಡ್ ಬರೆಯುವಾಗ ಹಳೆಯ ಗೈಡೊಂದನ್ನು ಮುಂದಿಟ್ಟುಕೊಂಡಿದ್ದೆ. ಅದನ್ನು ಬರೆದ ಪುಣ್ಯಾತ್ಮ ಇನ್ನೂ ಹಳೆಯದೊಂದನ್ನು ಮುಂದಿಟ್ಟುಕೊಂಡಿರಬೇಕು. ಸಾಹೇಬನನ್ನು ಮೊದಲು ಕೊಂದವನು ಯಾರೋ ಯಾರಿಗೆ ಗೊತ್ತು.

ನವೆಂಬರ್ 14, ಗುರುವಾರ

ಒಮ್ಮೆ ಕಣ್ಣಾಡಿಸಿ ಸಾಹೇಬ ಸತ್ತ ಪುಟ ಹಿಡಿದು ಅವಳ ಬಾಯಿ ಮುಚ್ಚಿಸೋಣ ಎಂದು ಲೈಬ್ರರಿಗೆ ಹೋದೆ. ಇರುವುದು ಒಂದೇ ಪ್ರತಿ. ಅದೂ ರೇಣುಕಾಳ ಹತ್ತಿರ.

ಮೊಬೈಲಿನಲ್ಲಿ ಹುಡುಕಿದೆ. ಕಾದಂಬರಿ ಸಿಗಲಿಲ್ಲ, ಸಾರಾಂಶ ಸಿಕ್ಕಿತು. ಎರಡು ಪುಟ ಓದುತ್ತಲೇ ಶೈಲಿ ಚೆನ್ನಾಗಿದೆಯಲ್ಲ, ಎಲ್ಲೋ ಓದಿದಂತಿದೆಯಲ್ಲ ಎನ್ನಿಸಿತು. ಇನ್ನೂ ಕೆಳಗೆ ಹೋದರೆ ಹಳದಿ ರಟ್ಟಿನ ಅಂಚು ಕಂಡಿತು. ಯಾರೋ ನನ್ನ ಗೈಡನ್ನೇ ಫೋಟೋ ತೆಗೆದು ಹಾಕಿದ್ದಾರೆ.

ನವೆಂಬರ್ 16, ಶನಿವಾರ

ರಜೆ ಹಾಕಿ ಬಸ್ ಹತ್ತಿದೆ. ಸುಕನ್ಯಾಳಿಗೆ ಯೂನಿವರ್ಸಿಟಿ ಕೆಲಸ ಎಂದು ಹೇಳಿದೆ. ನನ್ನ ಹೆಂಡತಿ ಪ್ರಾಥಮಿಕ ಶಾಲೆಯ ಟೀಚರು. ಸುಳ್ಳು ಹೇಳುವ ಮುಖಗಳನ್ನು ದಿನಕ್ಕೆ ನಲವತ್ತು ನೋಡುತ್ತಾಳೆ. ಏನೂ ಅನ್ನದೆ ಬುತ್ತಿ ಕಟ್ಟಿಕೊಟ್ಟಳು.

ಹಗರಿಬೊಮ್ಮನಹಳ್ಳಿಯಲ್ಲಿ ಪರಿಚಯದವರ ಕಾಲೇಜಿನ ಲೈಬ್ರರಿಗೆ ಹೋದೆ. ‘ಅದು ಇಲ್ರಿ, ಆದ್ರ ಇದು ಐತಿ’ ಎಂದು ನನ್ನ ಗೈಡಿನ ಹನ್ನೆರಡು ಪ್ರತಿ ತೋರಿಸಿದರು. ಹಡಗಲಿಯಲ್ಲಿ ಒಂಬತ್ತು. ಅಲ್ಲಿಯ ಗ್ರಂಥಪಾಲಕರು ನನ್ನ ಗುರುತು ಹಿಡಿದು, ಎದ್ದು ನಿಂತು, ಒಂದು ಪ್ರತಿಯ ಮೇಲೆ ಸಹಿ ಹಾಕಿಸಿಕೊಂಡರು. ಹರಪನಹಳ್ಳಿಯಲ್ಲಿ ಇಪ್ಪತ್ತು ಪ್ರತಿಯಿದ್ದವು, ಹದಿನೆಂಟಕ್ಕೆ ರಟ್ಟು ಹಾರಿತ್ತು. ‘ಭಾರೀ ಬೇಡಿಕೆ ಸಾರ್, ಹರಿದು ಹಂಚ್ಕೊಂಡು ಓದ್ತಾರೆ’ ಎಂದರು. ಬೇರೆ ದಿನ ಆಗಿದ್ದರೆ ನನ್ನ ಎದೆ ಇಷ್ಟಗಲ ಆಗಬೇಕಿತ್ತು.

ಕೂಡ್ಲಿಗಿಗೆ ಫೋನ್ ಮಾಡಿದರೆ ಅಲ್ಲೂ ಇಲ್ಲ ಎಂದರು. ಕತ್ತಲಾಗುವ ಮೊದಲೇ ಮನೆ ಸೇರಿದೆ. ಐದು ಊರುಗಳ ಸೀಮೆಯಲ್ಲಿ ಆ ಕಾದಂಬರಿಯ ಒಂದೇ ಒಂದು ಪ್ರತಿ ಇದೆ, ಅದು ಗುಡೇಕೋಟೆಯಲ್ಲಿ ಕುರಿಗಳ ನಡುವೆ ಇದೆ.

ನವೆಂಬರ್ 17, ಭಾನುವಾರ

ಸುಕನ್ಯಾಳಿಗೆ ಎಲ್ಲ ಹೇಳಿದೆ. ಹೇಳಲಿಲ್ಲ, ಅವಳೇ ಬಿಡಿಸಿಕೊಂಡಳು.

“ಆ ಹುಡುಗಿನ್ನ ಕೇಳಿ ಈಸ್ಕೊಳ್ರಿ. ಮುಗೀತು.”

“ನಾನು ಮೇಷ್ಟ್ರು.”

“ಅದಕ್ಕ ಕೇಳ್ರಿ ಅಂದೆ.”

ನವೆಂಬರ್ 20, ಬುಧವಾರ

ಒಂದು ಉಪಾಯ ಮಾಡಿದೆ. ‘ಪುಸ್ತಕ ಒಯ್ದು ಹದಿನೈದು ದಿನ ದಾಟಿದೆ, ಕೂಡಲೇ ಹಿಂದಿರುಗಿಸಿ’ ಎಂದು ಲೈಬ್ರರಿಯಿಂದ ಅವಳಿಗೆ ಫೋನ್ ಮಾಡಿಸಿದೆ. ಅವಳು ಅಲ್ಲಿಂದಲೇ ಅವಧಿ ಮುಂದುವರಿಸಿ ಎಂದಳಂತೆ. ಬೇರೆ ಯಾರೂ ಕೇಳಿಲ್ಲವಾದ್ದರಿಂದ ಮುಂದುವರಿಸಬೇಕು, ಅದು ನಿಯಮ. ನಿಯಮ ಮಾಡಿದ ಸಮಿತಿಯಲ್ಲಿ ನಾನೂ ಇದ್ದೆ.

ಅವಳು ಈ ವಾರ ಕಾಲೇಜಿಗೂ ಬಂದಿಲ್ಲ. ಕುರಿ ಈಯುವ ಕಾಲ, ಮನೆಯಲ್ಲಿ ಕೈ ಸಾಲದು ಎಂದು ರಜೆ ಚೀಟಿ ಕಳಿಸಿದ್ದಾಳೆ. ತರಗತಿಯಲ್ಲಿ ಅವಳ ಜಾಗ ಖಾಲಿ ಇದ್ದರೆ ನನಗೆ ಹಾಯೆನಿಸಬೇಕು. ಪಾಠ ಮಾಡುವಾಗ ಎರಡು ಸಲ ಆ ಕಡೆಯೇ ನೋಡಿದೆ. ಸಾಹೇಬನ ಸಾವಿನ ಭಾಗ ಬಂದಾಗ ತಡವರಿಸಿದೆ. ‘ಸಾಯುತ್ತಾನೆ ಎನ್ನಲಾಗುತ್ತದೆ’ ಎಂದು ಬಾಯಿಂದ ಬಂತು. ಎಲ್ಲರೂ ಅದನ್ನೂ ಬರೆದುಕೊಂಡರು.

ನವೆಂಬರ್ 24, ಭಾನುವಾರ

ಗುಡೇಕೋಟೆಗೆ ಹೋಗಿಬಂದೆ. ವಿವರವಾಗಿ ಬರೆಯಬೇಕು.

ಕೂಡ್ಲಿಗಿಯಲ್ಲಿ ಬಸ್ ಬದಲಿಸಿ, ಗುಡೇಕೋಟೆಯಲ್ಲಿ ಇಳಿದು ಗಾದೆಪ್ಪನ ಹಟ್ಟಿ ಎಲ್ಲಿ ಎಂದು ಕೇಳಿದರೆ ಊರಾಚೆಯ ಗುಂಡುಕಲ್ಲಿನ ಗುಡ್ಡ ತೋರಿಸಿದರು. ಅರ್ಧ ದಾರಿಯಲ್ಲಿ ಒಬ್ಬ ಮುದುಕ ‘ಕಲ್ಲು ಸಂದ್ಯಾಗ ನೋಡ್ಕೊಂಡ ಹೋಗ್ರಿ, ಕರಡಿ ಇರ್ತಾವ’ ಎಂದು ಹೇಳಿ ಬೀಡಿ ಹಚ್ಚಿದ. ಅಲ್ಲಿಂದ ಮುಂದೆ ನಾನು ನಡೆದದ್ದನ್ನು ನಡಿಗೆ ಎನ್ನಲಾಗದು.

ಗಾದೆಪ್ಪ ರೇಣುಕಾಳ ತಂದೆ. ನನ್ನ ವಯಸ್ಸಿನವನೇ. ನನಗಿಂತ ಎರಡು ಪಟ್ಟು ಚುರುಕಾಗಿದ್ದಾನೆ. ಕಂಬಳಿ ಹಾಸಿ, ಮಜ್ಜಿಗೆ ಕೊಟ್ಟು, “ಮಗಳ ಮ್ಯಾಲ ದೂರು ಏನ್ರ ಐತೇನ್ರಿ ಮೇಷ್ಟ್ರ?” ಎಂದ.

“ಇಲ್ಲಪ್ಪ, ಹಿಂಗ ಈ ಕಡಿಗೆ ಬಂದಿದ್ದೆ,” ಎಂದೆ. ಕೊಟ್ಟೂರಿನಿಂದ ಎರಡು ಬಸ್ ಹತ್ತಿ, ಗುಡ್ಡ ಏರಿ, ‘ಹಿಂಗ ಈ ಕಡೆ’ ಯಾರೂ ಬರುವುದಿಲ್ಲ. ಅವನು ತಲೆಯಾಡಿಸಿದ. ಮರ್ಯಾದಸ್ಥ.

ರೇಣುಕಾ ಮರಿಗಳ ಹತ್ತಿರ ಇದ್ದಾಳೆ ಎಂದು ಎರಡು ದೊಡ್ಡ ಗುಂಡುಗಳ ನಡುವಿನ ಗವಿಗೆ ಕರೆದುಕೊಂಡು ಹೋದ. ತಾಯಿಕುರಿಗಳು ಮೇಯಲು ಹೋದಾಗ ಎಳೆಮರಿಗಳನ್ನು ಬಿಸಿಲು ತಾಗದಂತೆ ಅಲ್ಲಿ ಕೂಡಿ, ಬಾಯಿಗೆ ಮುಳ್ಳುಕಂಟಿ ಇಟ್ಟಿರುತ್ತಾರೆ. ನಡುಮಧ್ಯಾಹ್ನ. ಹೊರಗೆ ಬಿಸಿಲು ಕಣ್ಣು ಚುಚ್ಚುತ್ತಿತ್ತು. ಬಗ್ಗಿ ಒಳಗೆ ಕಾಲಿಟ್ಟರೆ ಏನೂ ಕಾಣದು. ಕರಡಿ ನೆನಪಾಯಿತು. ಮೊಬೈಲಿನ ಟಾರ್ಚ್ ಹಾಕಿದೆ.

ಗವಿಯೇ ಬಾಯಿ ಬಿಟ್ಟಂತಾಯಿತು. ಮರಿಗಳು ಅರಚಿಕೊಂಡು ಒಂದರ ಮೇಲೊಂದು ಬಿದ್ದವು, ಒಂದು ನನ್ನ ಕಾಲ ಸಂದಿಯಲ್ಲಿ ತೂರಿತು, ನಾನು ಕುಕ್ಕರುಗಾಲಲ್ಲಿ ಕುಸಿದೆ.

“ಆರಿಸ್ರಿ, ಆರಿಸ್ರಿ ಮೇಷ್ಟ್ರ!” ಗಾದೆಪ್ಪ ಕೂಗಿದ. ಆರಿಸಿದೆ. “ಈಗ ಸುಮ್ಕ ಕುಂದರ್ರಿ. ಕಣ್ಣು ಒಗ್ಗಬೇಕು.”

ಸುಮ್ಮನೆ ಕುಳಿತೆ. ಮೊದಲು ಕಪ್ಪು, ಆಮೇಲೆ ಬೂದಿ ಬಣ್ಣ. ಆಮೇಲೆ ಬಂಡೆಯ ಮೈ ಕಂಡಿತು. ಆಮೇಲೆ ನಿಧಾನವಾಗಿ ಕಿವಿಗಳು, ಮೂತಿಗಳು. ಮೂವತ್ತು ಮರಿಗಳು ಸಾಲಾಗಿ ನನ್ನನ್ನೇ ನೋಡುತ್ತಿದ್ದವು. ಅವುಗಳ ಹಿಂದೆ ರೇಣುಕಾ, ಮಡಿಲಲ್ಲಿ ಒಂದು ಮರಿ. ಬಂದಾಗಿನಿಂದ ನೋಡುತ್ತ ಕುಳಿತಿದ್ದಾಳೆ. ನಾನು ಬಿದ್ದದ್ದನ್ನೂ ನೋಡಿದ್ದಾಳೆ. ನಗಲಿಲ್ಲ, ಅದಕ್ಕೆ ನಾನು ಅವಳಿಗೆ ಋಣಿ.

“ಹಟ್ಯಾಗ ನಾವು ದೀಪ ಇಡಾಂಗಿಲ್ರಿ,” ಗಾದೆಪ್ಪ ಹೇಳಿದ. “ಕುರಿ ಕಳ್ಳರು ಬ್ಯಾಟ್ರಿ ಹಿಡ್ಕೊಂಡು ಬರ್ತಾರ. ಬ್ಯಾಟ್ರಿ ಹಿಡದೋನು ನಮಗ ಪೂರಾ ಕಾಣ್ತಾನ, ನಾವು ಅವಗ ಕಾಣಾಂಗಿಲ್ಲ. ಅವಗ ಕಾಣೋದು ಬ್ಯಾಟ್ರಿ ಬಿದ್ದಷ್ಟು. ಉಳಿದದ್ದು ಏನೂ ಇಲ್ಲ ಅನ್ಕೊಂತಾನ. ಅಲ್ಲೇ ಸಿಗ್ತಾನ.”

ನಾನು ಮೊಬೈಲನ್ನು ಜೇಬಿಗಿಳಿಸಿದೆ.

“ಇದನ್ನ ಬರ್ದಿದ್ದೆ ಸರ್,” ಎಂದಳು ರೇಣುಕಾ. “ಸಾಹೇಬನೂ ಹಂಗ ಅಲ್ರಿ. ಲಾಂದ್ರ ಬಿದ್ದಷ್ಟು ನೋಡ್ತಾನ, ಅದರಾಚಿ ಏನೂ ಇಲ್ಲ, ಬರೇ ಕತ್ತಲಿ ಅಂತ ಕಾಗದ ಬರೀತಾನ. ಅಲ್ಲಿ ಮಂದಿ ಕುಂತಿರ್ತಾರ.”

“ಹ್ಞೂಂ, ಅದು ಒಂದು ದೃಷ್ಟಿಕೋನ,” ಎಂದೆ. ಮೇಷ್ಟ್ರುಗಳಿಗೆ ಉತ್ತರ ಗೊತ್ತಿಲ್ಲದಾಗ ಈ ಮಾತಿದೆ.

ಹೊರಡುವಾಗ ಪುಸ್ತಕ ಕೇಳಿದೆ. ನನ್ನ ಪ್ರತಿ ಯಾರೋ ಒಯ್ದಿದ್ದಾರೆ, ಒಮ್ಮೆ ತಿರುವಿ ಹಾಕಬೇಕು ಎಂದೆ. ಅವಳು ಗೋಡೆಗೂಡಿನಿಂದ ತಂದುಕೊಟ್ಟಳು. ಸೀರೆ ತುಂಡಿನಲ್ಲಿ ಸುತ್ತಿದ್ದಳು.

“ಲಗೂನ ಓದಿ ಕೊಡ್ರಿ ಸರ್,” ಎಂದು, ತಡೆದು, “ಅಂದ್ರ... ತಿರಗಿ ಓದಿ” ಎಂದಳು. ನನ್ನನ್ನು ಕಾಪಾಡಲು ಅವಳು ಮಾಡಿದ ಪ್ರಯತ್ನ ನೋಡಿ ನಾಚಿಕೆಯಾಯಿತು. ಬಸ್ಸಿನಲ್ಲಿ ಬರುವಾಗ ಪುಸ್ತಕದ ಕೊನೆಯ ರಟ್ಟಿನ ತಾರೀಖಿನ ಚೀಟಿ ನೋಡಿದೆ. ಪುಸ್ತಕ ಕಾಲೇಜಿಗೆ ಬಂದು ಇಪ್ಪತ್ತಾರು ವರ್ಷ. ಚೀಟಿಯಲ್ಲಿ ಇರುವುದು ಒಂದೇ ಹೆಸರು.

ನವೆಂಬರ್ 25, ಸೋಮವಾರ

ನಲವತ್ತು ಪುಟ. ಸಾಹೇಬನಿಗೆ ಆರೋಗ್ಯ ಚೆನ್ನಾಗಿಯೇ ಇದೆ.

ನವೆಂಬರ್ 26, ಮಂಗಳವಾರ

ಮಧ್ಯಾಹ್ನದ ಎರಡು ಪಿರಿಯಡ್ ಬಿಡುವಿತ್ತು, ಲೈಬ್ರರಿಯ ಕಿಟಕಿ ಪಕ್ಕ ಕುಳಿತು ಓದಿದೆ. ಅಟೆಂಡರ್ ಎರಡು ಸಲ ಬಂದು ನೋಡಿದ. ಹದಿನೇಳು ವರ್ಷದಲ್ಲಿ ನಾನು ಅಲ್ಲಿ ಕುಳಿತದ್ದನ್ನು ಅವನು ಕಂಡಿರಲಿಲ್ಲ. ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದ.

ಮನೆಗೆ ಬಂದರೆ ಸುಕನ್ಯಾ ರೊಟ್ಟಿ ಬಡಿಯುತ್ತ, “ಸತ್ನಾ?” ಎಂದಳು.

“ಇನ್ನೂ ಇಲ್ಲ. ಹಿಂಗ ಹೋದ್ರ ಸಾಯೋ ಲಕ್ಷಣ ಇಲ್ಲ. ಆದ್ರ ನೋಡು, ಅವನ ಮುಂದ ಒಬ್ಬ ನಡೀತಾನ, ದಾರಿ ತೋರ್ಸೋನು. ಕೈಯಾಗ ದೀಪ ಇಲ್ಲ. ಆ ಕತ್ತಲಾಗ ಒಂದು ಸರ್ತೀನೂ ಎಡವಾಂಗಿಲ್ಲ. ಸಾಹೇಬ ಲಾಂದ್ರ ಹಿಡ್ಕೊಂಡು ದಿನಾ ಎಡವ್ತಾನ.”

“ಅವನ ಹೆಸರೇನು, ಮುಂದ ನಡಿಯೋನ್ದು?”

ಪುಟ ತಿರುವಿದೆ. ಹುಡುಕಿದೆ. ಹೆಸರಿಲ್ಲ.

ರೊಟ್ಟಿ ಆರಿಹೋದವು ಎಂದು ಬೈಸಿಕೊಂಡೆ.

ನವೆಂಬರ್ 27, ಬುಧವಾರ

ಮುಗಿಯಿತು. ಸಾಹೇಬ ಸಾಯುವುದಿಲ್ಲ.

ಸತ್ತಿದ್ದರೆ ಒಳ್ಳೆಯದಿತ್ತು. ನಲವತ್ತು ಲಾಂದ್ರಗಳೂ ಒಂದೊಂದಾಗಿ ಹಾಳಾಗುತ್ತವೆ. ಕೊನೆಯದು ಆರಿದ ಮೇಲೆ ಆ ಹೆಸರಿಲ್ಲದವನು ಸಾಹೇಬನ ಕೈ ಹಿಡಿದು, ಮೂರು ದಿನ ನಡೆಸಿ, ಬೆಟ್ಟ ಇಳಿಸಿ, ನದಿಯ ದಂಡೆಗೆ ತಂದು ಬಿಡುತ್ತಾನೆ. ಸಾಹೇಬ ಹಡಗು ಹತ್ತಿ ಊರಿಗೆ ಹೋಗುತ್ತಾನೆ. ಅಲ್ಲಿ ಸನ್ಮಾನ. ‘ಕತ್ತಲೆಯನ್ನು ನಾನೊಬ್ಬನೇ ದಾಟಿ ಬಂದೆ’ ಎಂದು ಭಾಷಣ ಮಾಡುತ್ತಾನೆ. ಒಬ್ಬನೇ! ನಾನು ಪುಸ್ತಕ ಮಂಚದ ಮೇಲೆ ಎಸೆದು ‘ಸುಳ್ಳ’ ಎಂದು ಕೂಗಿದೆ. ಸುಕನ್ಯಾ ಅಡುಗೆಮನೆಯಿಂದ ಓಡಿ ಬಂದಳು.

ರೇಣುಕಾಳ ಉತ್ತರ ಪತ್ರಿಕೆ ತೆಗೆದು ಮೊದಲಿನಿಂದ ಓದಿದೆ. ಎಲ್ಲ ಇದೆ. ದೀಪ ಹಿಡಿದವನು ಎಲ್ಲರಿಗೂ ಕಾಣುತ್ತಾನೆ, ಅವನಿಗೆ ಯಾರೂ ಕಾಣುವುದಿಲ್ಲ ಎಂಬುದು ಎರಡನೇ ಪುಟದಲ್ಲಿದೆ. ಕೊನೆಯ ಪ್ಯಾರಾ ನಾನು ಅವತ್ತು ನೋಡಿಯೇ ಇರಲಿಲ್ಲ. ಅದರಲ್ಲಿ ಬರೆದಿದ್ದಾಳೆ, ಸಾಹೇಬ ಮೂರ್ಖನೆಂದು ಕಾದಂಬರಿ ಬರೆದವನಿಗೆ ಗೊತ್ತು, ನಮಗೆ ಗೊತ್ತಾಗಲಿ ಎಂದೇ ಬರೆದಿದ್ದಾನೆ. ಆದರೆ ಕೈ ಹಿಡಿದು ನಡೆಸಿದವನಿಗೆ ಅವನೂ ಹೆಸರು ಇಟ್ಟಿಲ್ಲ, ಆದ್ದರಿಂದ ಬರೆದವನ ಕೈಯಲ್ಲೂ ಒಂದು ಲಾಂದ್ರ ಇತ್ತು.

ಇದಕ್ಕೆ ನಾನು ನಾಲ್ಕು ಅಂಕ ಹಾಕಿದ್ದೇನೆ. ಅಕ್ಷರ ದುಂಡಗಿದೆ ಎಂದು.

ನವೆಂಬರ್ 28, ಗುರುವಾರ

ಬೆಳಿಗ್ಗೆಯೇ ಜಂಬಣ್ಣನ ಪ್ರೆಸ್ಸಿಗೆ ಓಡಿದೆ. ಗೈಡಿನ ಹೊಸ ಮುದ್ರಣ ಮೆಷಿನ್ ಮೇಲಿತ್ತು. ನಿಲ್ಲಿಸು ಎಂದೆ.

“ಯಾಕ್ರಿ ಮೇಷ್ಟ್ರ, ಸಿಲಬಸ್ ಬದ್ಲಾತೇನು?”

“ಇಲ್ಲ. ಸಾಹೇಬ ಸತ್ತಿಲ್ಲ.”

ಜಂಬಣ್ಣ ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದ. “ಯಾವ ಕಾಲದ ಕಥಿ ಅದು?”

“ನೂರು ವರ್ಷದ ಮ್ಯಾಲಾತು.”

“ಹಂಗಾದ್ರ ಈಗ ಸತ್ತಿರ್ತಾನ ಬಿಡ್ರಿ. ನಾವೇನು ಸುಳ್ಳು ಬರ್ದಂಗಾತು?”

ಬೆಳಕು ಕತ್ತಲೆಯ ಅಧ್ಯಾಯವೂ ತಲೆಕೆಳಗಾಗಿದೆ ಎಂದು ವಿವರಿಸಿದೆ. ಗವಿಯ ಕಥೆ ಹೇಳಿದೆ. ಅವನು ಪೂರ್ತಿ ಕೇಳಿದ, ಮರಿ ಕಾಲ ಸಂದಿಯಲ್ಲಿ ತೂರಿದ್ದನ್ನು ಎರಡು ಸಲ ಹೇಳಿಸಿ ನಕ್ಕ. ಆಮೇಲೆ, “ಹಂಗಾದ್ರ ಆ ಹುಡುಗಿ ಬರ್ದದ್ದನ್ನ ಹಾಕೋಣ್ರಿ. ಮುಂದಿನ ವರ್ಷ ಐದೂ ತಾಲೂಕಿನಾಗ ಎಲ್ಲಾರೂ ಅದನ್ನ ಬಾಯಿಪಾಠ ಮಾಡ್ತಾರ” ಎಂದ.

ನನ್ನ ಕಣ್ಣ ಮುಂದೆ ಅರವತ್ತೊಂದು ಗವಿಗಳು ಬಂದವು, ಎಲ್ಲದರಲ್ಲೂ ಅವೇ ಮೂವತ್ತು ಮರಿಗಳು. ಬೇಡ ಎಂದೆ. ಆ ಅಧ್ಯಾಯದ ಜಾಗ ಖಾಲಿ ಬಿಡು ಎಂದೆ. ಜಂಬಣ್ಣ ಸುಕನ್ಯಾಳಿಗೆ ಫೋನ್ ಮಾಡಿ, ಮೇಷ್ಟ್ರು ಊಟ ನಿದ್ದೆ ಸರಿಯಾಗಿ ಮಾಡುತ್ತಿದ್ದಾರೆಯೇ ಎಂದು ವಿಚಾರಿಸಿದನಂತೆ.

ನವೆಂಬರ್ 29, ಶುಕ್ರವಾರ

ರೇಣುಕಾ ಕಾಲೇಜಿಗೆ ಬಂದಳು. ತಿದ್ದುಪಡಿ ಅರ್ಜಿ ಸಿದ್ಧ ಮಾಡಿಟ್ಟುಕೊಂಡಿದ್ದೆ. ನಾಲ್ಕರ ಬದಲು ಹದಿನೆಂಟು. ಕಾರಣದ ಜಾಗದಲ್ಲಿ ‘ಕೂಡಿಸುವಾಗ ಆದ ತಪ್ಪು’ ಎಂದು ಬರೆದಿದ್ದೆ. ಎಲ್ಲರೂ ಬರೆಯುವುದು ಅದನ್ನೇ. ಯಾರಿಗೂ ನೋವಾಗದ ಕಾರಣ.

ಅವಳು ಓದಿ ಪೆನ್ನು ಕೆಳಗಿಟ್ಟಳು. “ಕೂಡ್ಸೋದ್ರಾಗ ತಪ್ಪಾಗಿಲ್ರಿ ಸರ್. ಒಂದೇ ಪ್ರಶ್ನಿ ಇತ್ತು. ಏನು ಕೂಡ್ಸೋದು?”

ಹೌದಲ್ಲ. ಹದಿನೇಳು ವರ್ಷದ ಅನುಭವಿ ಇಷ್ಟು ಯೋಚಿಸಿರಲಿಲ್ಲ. ಹಾಳೆ ಅಂಟಿಕೊಂಡಿತ್ತು ಎಂದು ಬರೆಯುತ್ತೇನೆ ಎಂದೆ.

“ಅಂಟಿದ್ದಿಲ್ರಿ.”

“ನಿನಗ ಅಂಕ ಬೇಕೋ ಬ್ಯಾಡೋ?”

“ಬೇಕ್ರಿ. ನಾ ಬರ್ದದ್ದು ಸರಿ ಐತಿ ಅಂತ ಬರ್ದು ಕೊಡ್ರಿ. ಇಲ್ಲಾಂದ್ರ ನಾಲ್ಕೇ ಇರ್ಲಿ.” ಕಣ್ಣು ತಗ್ಗಲಿಲ್ಲ. “ಮನ್ಯಾಗ ಅಪ್ಪಗ ಹೇಳೇನಿ, ಸರ್ ಪುಸ್ತಕ ಒಯ್ದಾರ, ಓದಿದ್ರ ಅವರಿಗೇ ತಿಳೀತೈತಿ ಅಂತ.”

ಸಿಟ್ಟು ಬಂತು. ಎದ್ದು ಹೋಗು ಎಂದೆ. ಹೋದಳು. ಎಂಥ ಹಟಮಾರಿ! ನಾನು ಸಹಾಯ ಮಾಡಲು ಹೋದರೆ ನನ್ನ ಕುತ್ತಿಗೆಗೇ ಬರುತ್ತಾಳೆ. ಅವಳು ಸರಿ ಎಂದು ಬರೆದರೆ, ಮೊದಲು ನಾಲ್ಕು ಯಾಕೆ ಕೊಟ್ಟಿರಿ ಎಂದು ಮೇಡಂ ಕೇಳುತ್ತಾರೆ. ಅದಕ್ಕೆ ಉತ್ತರ ಒಂದೇ. ಆ ಉತ್ತರ ಕೊಟ್ಟ ಅತಿಥಿಯನ್ನು ಜನವರಿಯಲ್ಲಿ ಯಾರು ಮತ್ತೆ ಕರೆಯುತ್ತಾರೆ? ನನ್ನ ನವೀಕರಣದ ಪತ್ರಕ್ಕೂ ಮೇಡಂ ಅವರದೇ ಮೊಹರು ಬೇಕು.

ಸುಕನ್ಯಾಳಿಗೆ ಹೇಳಿದೆ. ಅವಳು ಪುಸ್ತಕದಿಂದ ತಲೆಯೆತ್ತದೆ, “ಸ್ವಲ್ಪ ತಡೀರಿ, ಮೂವತ್ತೊಂಬತ್ತನೇ ಲಾಂದ್ರ ಒಡದೈತಿ” ಎಂದಳು. ಈ ಮನೆಯಲ್ಲಿ ನನ್ನ ಕಷ್ಟ ಕೇಳುವವರಿಲ್ಲ.

ನವೆಂಬರ್ 30, ಶನಿವಾರ

ಬೆಳಿಗ್ಗೆ ಹೊಸ ಅರ್ಜಿ ತೆಗೆದುಕೊಂಡೆ. ಕಾರಣದ ಜಾಗ ಚಿಕ್ಕದು, ಒಂದೂವರೆ ಗೆರೆ. ‘ವಿದ್ಯಾರ್ಥಿನಿಯ ಉತ್ತರ ಸರಿಯಾಗಿದೆ. ಮೌಲ್ಯಮಾಪಕನು ಕಾದಂಬರಿಯನ್ನು ಓದಿರಲಿಲ್ಲ.’ ಸರಿಯಾಗಿ ಹಿಡಿಸಿತು. ಹನ್ನೊಂದು ವರ್ಷದ ಗೈಡಿನಲ್ಲಿ ಇಷ್ಟು ಚೊಕ್ಕ ವಾಕ್ಯ ನಾನು ಬರೆದಿಲ್ಲ.

ರೇಣುಕಾ ಕಾರಿಡಾರಿನಲ್ಲಿ ಸಿಕ್ಕಳು. ನಿಂತುಕೊಂಡೇ ಓದಿದಳು. ಮತ್ತೊಮ್ಮೆ ಓದಿದಳು. “ಎರಡನೇದು ಬರೀಬೇಕಂತ ನಾ ಹೇಳಿದ್ದಿಲ್ರಿ ಸರ್,” ಎಂದಳು ಮೆಲ್ಲಗೆ.

“ಸಹಿ ಹಾಕು. ಸಂಜಿಗೆ ಆನ್‌ಲೈನ್ ಬಂದ್ ಆಗತೈತಿ.”

ಹಾಕಿದಳು. ಅವಳ ಕಣ್ಣು ತುಂಬಿದ್ದವು. ನಾನು ಗಂಟೆ ಹೊಡೆಯಿತೆಂದು ನೆಪ ಹೇಳಿ ಹೊರಟೆ.

ಗೀತಾಂಜಲಿ ಮೇಡಂ ಹರಪನಹಳ್ಳಿಯವರು. ಇಪ್ಪತ್ತೆರಡು ವರ್ಷದಿಂದ ವಿಭಾಗದಲ್ಲಿದ್ದಾರೆ. ಈ ಪ್ರಶ್ನೆಪತ್ರಿಕೆ ತೆಗೆದವರು ಅವರೇ, ಮಾದರಿ ಉತ್ತರ ಬರೆದು ಕೊಟ್ಟವರೂ ಅವರೇ. ಅರ್ಜಿ ಓದಿ ಮೇಜಿನ ಮೇಲಿಟ್ಟರು. ನಾನು ಮನಸ್ಸಿನಲ್ಲೇ ಬೇರೆ ಕೆಲಸ ಹುಡುಕಲು ಶುರುಮಾಡಿದೆ.

“ಗುರುಶಾಂತ್ ಅವ್ರೇ, ಇದು ದಾಖಲೆಗೆ ಹೋಗುತ್ತೆ. ಗೊತ್ತಲ್ಲ?”

“ಗೊತ್ತ್ರಿ ಮೇಡಂ.”

“ಉಳಿದ ಅರವತ್ತೊಂದು ಮಂದೀದು ಏನ್ ಮಾಡ್ತೀರಿ? ಅವರದ್ದು ತಪ್ಪು ಅಂತಾಯ್ತಲ್ಲ.”

“ಅವ್ರು ಬರ್ದದ್ದು ನನ್ನ ಉತ್ತರ್ರಿ. ಕಡಿಮಿ ಮಾಡೋದಿದ್ರ ನನಗ ಮಾಡ್ರಿ. ಸೋಮವಾರದಿಂದ ತರಗತ್ಯಾಗ ಪುಸ್ತಕಾನ ಓದಿಸ್ತೀನಿ. ಪರೀಕ್ಷಿಗೆ ಇನ್ನೂ ಟೈಮ್ ಐತಿ.”

“ಇರೋದು ಒಂದೇ ಪ್ರತಿ ಅಲ್ವಾ?”

“ನಾ ಗಟ್ಟಿಯಾಗಿ ಓದ್ತೀನ್ರಿ. ಅವ್ರು ಕೇಳ್ಲಿ.”

ಮೇಡಂ ಎದ್ದು ಹೋಗಿ ಬಾಗಿಲು ಮುಂದೆ ಮಾಡಿದರು. ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವರು ಬಂದು ಕುಳಿತು, ಪರ್ಸಿನಿಂದ ಹಸಿರು ಶಾಯಿಯ ಪೆನ್ನು ತೆಗೆದು, ನಾನು ಬರೆದ ವಾಕ್ಯದ ಕೆಳಗಿನ ಅಂಚಿನಲ್ಲಿ ಏನೋ ಬರೆದರು. ಸಹಿ ಹಾಕಿ, ಮೊಹರು ಒತ್ತಿ, ಅರ್ಜಿಯನ್ನು ನನ್ನ ಕಡೆ ತಿರುಗಿಸಿದರು.

‘ನಾನೂ ಓದಿರಲಿಲ್ಲ.’

ನಾನು ಅವರ ಮುಖ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು.

“ಈಗ ಆ ಪುಸ್ತಕ ಯಾರ ಹತ್ರ ಇದೆ?” ಎಂದು ಕೇಳಿದರು.